ಕೋರ್ಟು ಏಳುವ ತನಕ

ಧನುರ್ಮಾಸ ಹಿಡಿದು ವಾರವಾಗಿತ್ತು. ಸಿಂಗಾಪುರ ಕೆರೆಯ ಕಡೆಯಿಂದ ಏಳುವ ಮಂಜು ಬಿಸಿಲೇರಿದರೂ ಕರಗದೆ ಅಪಾರ್ಟ್‌ಮೆಂಟುಗಳ ಕೆಳಗಿನ ಅಂತಸ್ತುಗಳನ್ನು ಮುಚ್ಚಿಕೊಂಡಿತ್ತು. ಮೇಲಿನವು ಮಾತ್ರ ನೆಲವಿಲ್ಲದೆ ನಿಂತ ಹಾಗೆ ಕಾಣುತ್ತಿದ್ದವು. ಹಳೇ ಊರಿನ ಬೀದಿಯಲ್ಲಿ ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು, ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳು ಹಿದುಕುತ್ತ ಕೂತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಅಮುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತದೆ. ಲೇಔಟಿನ ಹೆಂಗಸರು ಹತ್ತು ಗಂಟೆಯ ಹೊತ್ತಿಗೆ ಬಂದು ಹಿದುಕಿದ ಬೇಳೆ ಕೊಂಡುಹೋಗುತ್ತಿದ್ದರು. ಅವರೆ ಇರುವಷ್ಟು ದಿನ ಅವಳಿಗೆ ಬೇರೆ ಕೆಲಸವಿಲ್ಲ. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ಎರಡು ಕೋಣೆ ಬಾಡಿಗೆಗೆ ಬಿಟ್ಟಿದ್ದಳು. ಅದರಲ್ಲೇ ಬದುಕು ನಡೆಯುತ್ತಿತ್ತು. ಆದರೂ ಚಳಿಗಾಲದಲ್ಲಿ ಕೈಗೆ ಸೊಗಡು ಹತ್ತದಿದ್ದರೆ ಅವಳಿಗೆ ವರ್ಷ ತಿರುಗಿದ ಹಾಗೇ ಆಗುತ್ತಿರಲಿಲ್ಲ.

ಬೈಕು ನಿಂತ ಸದ್ದಿಗೆ ತಲೆಯೆತ್ತಿದಳು. ಖಾಕಿ ಪ್ಯಾಂಟಿನ ಮೇಲೆ ಸ್ವೆಟರ್ ಹಾಕಿದ್ದ ಕಾನ್‌ಸ್ಟೇಬಲ್ಲು, ಬಿಜಾಪುರದ ಕಡೆಯವನು.

"ಲಕ್ಷ್ಮಿದೇವಮ್ಮ ಅಂದ್ರ ನೀವ ಅಲ್ರಿ?"

"ಗೊತ್ತಿದ್ದೂ ಕೇಳ್ತೀಯಲ್ಲಪ್ಪ. ಅವತ್ತು ಬಂದು ಬರ್ಕಂಡ್ ಓದೋನೂ ನೀನೇ ಅಲ್ವಾ."

"ನಾನರಿ. ಆದ್ರೂ ಕೇಳಬೇಕಾಗ್ತದ, ರೂಲ್ಸು." ಅವನು ಮಡಿಸಿದ ಕಾಗದ ಬಿಚ್ಚಿದ. "ಕೋರ್ಟಿನ ಸಮನ್ಸರಿ. ಲಕ್ಕಣ್ಣನ ಕೇಸಿನಾಗ ನೀವ ಮುಖ್ಯ ಸಾಕ್ಷಿ. ಬರೂ ಸೋಮವಾರ ಬರಬೇಕು."

ಅವಳು ಅವರೆಯ ಅಂಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದಳು. "ಏನಾಗ್ತದಪ್ಪ ಆವಯ್ಯಂಗೆ?"

"ಕೊಲೆ ಯತ್ನರಿ ಅಮ್ಮ. ಸಾಬೀತಾದ್ರ ಹತ್ತು ವರ್ಷದ ತನಕ ಆಗಬಹುದು."

"ಅತ್ತು ವರ್ಷವಾ? ಅಷ್ಟಕ್ಕೆ?"

"ಅಷ್ಟಕ್ಕ ಅಂದ್ರ? ಬಂದೂಕರಿ ಅಮ್ಮ, ಬಡಿಗಿ ಅಲ್ಲ," ಎಂದು ಅವನು ನಗುತ್ತ ಬೈಕು ತಿರುಗಿಸಿದ.

ಅವನು ಹೋದಮೇಲೂ ಅವಳ ಕೈ ಕಾಳು ಹಿದುಕಲಿಲ್ಲ. ಪಕ್ಕದ ಗೋಡೆಯಾಚೆ ಭಾವ ಲಕ್ಕಣ್ಣನ ಮನೆ. ಅಲ್ಲಿ ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದ ಸದ್ದು ಸಮನ್ಸಿನ ಮಾತು ಕೇಳಿದೊಡನೆ ನಿಂತಿತ್ತು.

ಲಕ್ಕಣ್ಣ ಅವಳ ಗಂಡನ ದೊಡ್ಡಪ್ಪನ ಮಗ. ಈಗ ಲೇಔಟು ಇರುವ ಕಡೆಯೆಲ್ಲ ಅವರ ಮನೆಯ ದ್ರಾಕ್ಷಿ ತೋಟವಿತ್ತು, ಕಲ್ಲುಕಂಬದ ಚಪ್ಪರ, ಕಪ್ಪು ದ್ರಾಕ್ಷಿ. ಹಣ್ಣಿನ ಕಾಲಕ್ಕೆ ಕತ್ತಲಾದರೆ ಬಾವಲಿ, ಬೆಳಗಾದರೆ ಗಿಣಿ. ಅವುಗಳ ಕಾಟಕ್ಕೆಂದು ಲಕ್ಕಣ್ಣನ ಅಪ್ಪ ಬೆಳೆ ಕಾಯುವ ಲೈಸೆನ್ಸು ಮಾಡಿಸಿ ಒಂಟಿ ನಳಿಗೆಯ ಬಂದೂಕೊಂದನ್ನು ತಂದಿದ್ದರು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಮೇಲೆ ಸೀಸದ ಕಾಳು ಹಾಕಿ, ಹಿಂದೆ ಕೇಪು ಸಿಕ್ಕಿಸಿ ಹೊಡೆಯುವ ಬಂದೂಕು. ತೋಟ ಸೈಟುಗಳಾದ ಮೇಲೆ ಉಳಿದದ್ದು ಮನೆಯ ಹಿಂದಿನ ಒಂದು ಚಪ್ಪರ. ಬಂದೂಕೂ ಉಳಿಯಿತು. ಪ್ರತಿ ಎಲೆಕ್ಷನ್ನಿಗೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದಮೇಲೆ ತರುವುದು. ಆಯುಧ ಪೂಜೆಗೆ ಅರಿಶಿನ ಕುಂಕುಮ ಇಡುವುದು. ಅದಕ್ಕಿದ್ದ ಕೆಲಸ ಅಷ್ಟೇ.

ಮೂರು ಅವರೆಕಾಲದ ಹಿಂದೆ ಲಕ್ಕಣ್ಣನ ತಮ್ಮನ ಮಗ ಸುಬ್ರಮಣಿ, ಬಿಲ್ಡರ್ ಆಗಿದ್ದವನು, ಆ ಚಪ್ಪರದ ಅರ್ಧ ತನ್ನ ಸೈಟಿಗೆ ಸೇರಬೇಕೆಂದು ಸರ್ವೆ ಮಾಡಿಸಿದ. ಒಂದು ಮಧ್ಯಾಹ್ನ ಜೆಸಿಬಿ ತಂದು ಕಲ್ಲುಕಂಬಗಳನ್ನು ಉರುಳಿಸಿದ. ಅವತ್ತು ಸಂಜೆ ಲಕ್ಷ್ಮಿದೇವಮ್ಮ ಹಿದುಕಿದ ಬೇಳೆಯ ಸಾರನ್ನು ಹಿತ್ತಾಳೆ ತಪ್ಪಲೆಯಲ್ಲಿ ತುಂಬಿಕೊಂಡು ಭಾವನ ಮನೆಗೆ ಹೊರಟಿದ್ದಳು. ಮೊದಲ ಅವರೆಯ ಸಾರು ಅವಳ ಮನೆಯಿಂದ ಅಲ್ಲಿಗೆ ಹೋಗುವುದು, ಆ ತಪ್ಪಲೆ ಮಾರನೆಯ ದಿನ ಬೆಲ್ಲವೋ ದ್ರಾಕ್ಷಿಯೋ ತುಂಬಿಕೊಂಡು ಹಿಂದಕ್ಕೆ ಬರುವುದು, ಇದು ಅತ್ತೆಯ ಕಾಲದ ರೂಢಿ. ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ನಿಂಬೆಹಣ್ಣಾದರೂ ಇರಬೇಕು.

ಅವಳು ಹಿತ್ತಲು ದಾಟುವಾಗ ಲಕ್ಕಣ್ಣ ಬಂದೂಕು ಹಿಡಿದು ಹೊರಗೆ ಬಂದು, ಅವಳ ಪಕ್ಕದಲ್ಲೇ ಹಾದುಹೋದ. ಬಿದ್ದ ಕಂಬಗಳ ನಡುವೆ ನಿಂತಿದ್ದ ಸುಬ್ರಮಣಿಯ ಹತ್ತಿರಕ್ಕೆ ನೇರ ನಡೆದು ನಳಿಗೆಯನ್ನು ಅವನ ಎದೆಗಿಟ್ಟ. ಬಂದೂಕಿನ ಕುದುರೆ ಎಳೆದ. ಟಕ್ ಎಂದಿತು, ಅಷ್ಟೇ. ಲಕ್ಕಣ್ಣ ಕೈಯಲ್ಲಿದ್ದ ಬಂದೂಕನ್ನೇ ಒಂದು ಗಳಿಗೆ ನೋಡಿ, ತಿರುಗಿ ನಡೆದು, ಹಳೇ ಬಾವಿಗೆ ಅದನ್ನು ಎಸೆದುಬಿಟ್ಟ. ಲಕ್ಷ್ಮಿದೇವಮ್ಮ ತಪ್ಪಲೆಯನ್ನು ಕಟ್ಟೆಯ ಮೇಲೆ ಇಟ್ಟದ್ದು ಯಾವಾಗಲೋ, ಮನೆಗೆ ಬಂದದ್ದು ಹೇಗೋ.

ಎರಡು ದಿನದ ಮೇಲೆ ಪೊಲೀಸರು ಬಾವಿಯಿಂದ ಬಂದೂಕು ಎತ್ತಿದರು. ಒಳಗೆ ಮದ್ದಿತ್ತೋ ಇಲ್ಲವೋ ಎಂದು ಹೇಳಲು ನೀರು ಏನೂ ಉಳಿಸಿರಲಿಲ್ಲ. ಅವಳನ್ನೂ ಕೇಳಿದರು. "ಲಕ್ಕಣ್ಣ ಹೆಂಗ ಬಂದ್ರು ಹೇಳ್ರಿ ಅಮ್ಮ" ಎಂದು ಇದೇ ಕಾನ್‌ಸ್ಟೇಬಲ್ಲು ಪೆನ್ನು ಹಿಡಿದಾಗ, ಅವಳು ತಡವರಿಸಿ, ಸೆರಗು ಎಳೆದುಕೊಂಡು, "ಗುಂಡ್ ಆಕ್ಕಂಡು ಬಂದಿದ್ರು" ಎಂದಿದ್ದಳು. ಅವನು ಬರೆದುಕೊಂಡ.

ಲಕ್ಕಣ್ಣ ಒಂದು ತಿಂಗಳಿಗೂ ಹೆಚ್ಚು ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಅಷ್ಟರಲ್ಲಿ ಆ ಮನೆಯವರು ಅವಳೊಂದಿಗೆ ಮಾತು ಬಿಟ್ಟಿದ್ದರು. ಒಮ್ಮೆ ಗೋಡೆಯ ಮೇಲಿಂದ ಬೈರಮ್ಮನನ್ನೇ, ಲಕ್ಕಣ್ಣನ ಹೆಂಡತಿಯನ್ನೇ, ಕೇಳಿದ್ದಳು: "ಅಕ್ಕಾ, ನಾನೇನ್ ಅಂದೆ ಅಂತ ಇಂಗೆ ಮಾಡ್ತೀರಿ?"

"ನೀನ್ ಅಂದಿದ್ದು ನಿಂಗೇ ಗೊತ್ತಲ್ಲ ತಾಯಿ. ಪೊಲೀಸ್ನೋರ್ ಮುಂದೆ ಅಂದ್ಯಲ್ಲ," ಎಂದು ಬೈರಮ್ಮ ಒಳಗೆ ಹೋಗಿದ್ದಳು.

ಅಂದದ್ದು ಅವಳಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಮಾತನ್ನು ಪೊಲೀಸರಿಗೆ ಹೇಳಿದ್ದಕ್ಕೆ ಇಷ್ಟು ಮುನಿಸೇ ಎಂಬುದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ತಪ್ಪಲೆ ಅಲ್ಲೇ ಉಳಿಯಿತು.

ಸೋಮವಾರ ಖಾದರ್ ಬಾಷಾನ ಆಟೋ ಹೇಳಿದಳು. ದ್ರಾಕ್ಷಿ ಇದ್ದ ಕಾಲದಲ್ಲಿ ಅವನು ಟೆಂಪೋ ಇಟ್ಟುಕೊಂಡು ಲಕ್ಕಣ್ಣನ ಹಣ್ಣಿನ ಪೆಟ್ಟಿಗೆಗಳನ್ನು ಮಾರ್ಕೆಟ್ಟಿಗೆ ಹೊಡೆಯುತ್ತಿದ್ದವನು. ಎಂ.ಎಸ್. ಪಾಳ್ಯ ದಾಟಿ ಗಂಗಮ್ಮ ಸರ್ಕಲ್ಲಿನ ಹತ್ತಿರ ಗಾಡಿಗಳು ಕಟ್ಟಿಕೊಂಡಾಗ ಕನ್ನಡಿಯಲ್ಲಿ ಅವಳ ಮುಖ ನೋಡಿದ.

"ಏನಮ್ಮಾ, ಭಾವನ್ನ ಒಳಗ್ ಹಾಕಿಸ್ತೀರಾ, ಹೊರಗ್ ತರ್ತೀರಾ?"

"ನಾನ್ ಯಾರಪ್ಪ ಆಕ್ಸೋಕೆ? ಕಂಡಿದ್ದು ಏಳಿ ಬತ್ತೀನಿ."

"ಅದೇ ಕಷ್ಟ ನೋಡಿ. ನನ್ ಆಟೋದಲ್ಲಿ ಒಬ್ರು ಲಾಯರ್ ಸಾಹೇಬ್ರು ಬರ್ತಾ ಇರ್ತಾರೆ, ಕೇಳ್ದೆ ಅವರ್ನ. ಏನಂದ್ರು ಗೊತ್ತಾ? ಬಂದೂಕ ತುಂಬಿತ್ತು ಅಂದ್ರೆ ಕೊಲ್ಲಕ್ಕೆ ಬಂದಂಗೆ. ಖಾಲಿ ಇತ್ತು ಅಂದ್ರೆ ಬರೀ ಹೆದರ್ಸಿದಂಗೆ. ಶಿಕ್ಷೆ ಲೆಕ್ಕಾನೇ ಬೇರೆ. ಒಂದ್ ಹಿಡಿ ಮದ್ದಲ್ಲಿ ಹತ್ತು ವರ್ಷ ಇದೆ ಅಂದ್ರು."

ಲಕ್ಷ್ಮಿದೇವಮ್ಮ ಮುಂದಕ್ಕೆ ಬಾಗಿ ಕೂತಳು. ಇದು ಅವಳಿಗೆ ಹೊಸದು. ಟಕ್ ಎಂದದ್ದನ್ನು ಅವಳು ಕೇಳಿದ್ದಳು. ಟಕ್ ಎಂದಾಗ ಒಳಗೆ ಏನಿತ್ತು ಎಂದು ಮೂರು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಅವರೆಕಾಯಿಯನ್ನಾದರೆ ಮೇಲಿಂದ ಅಮುಕಿ ನೋಡಿ ಕಾಳು ಬಲಿತಿದೆಯೋ ಜೊಳ್ಳೋ ಹೇಳಬಹುದು. ಬಂದೂಕಿನ ಹೊಟ್ಟೆಯಲ್ಲಿ ಏನಿದೆಯೆಂದು ದೂರ ನಿಂತ ಹೆಂಗಸು ಹೇಗೆ ಹೇಳಬೇಕು?

"ಆ ಮದ್ದಿನ ಇಚಾರ ಯಾರು ಏಳ್ತಾರಂತೆ ಕೋರ್ಟಲ್ಲಿ?" ಎಂದು ಕೇಳಿದಳು.

ಮುಂದಿನ ಬಸ್ಸು ಹೊರಟಿತು. "ಅಲ್ಲಾಗೆ ಗೊತ್ತು," ಎಂದು ಖಾದರ್ ಬಾಷಾ ಗೇರು ಹಾಕಿದ.

ಕೆ.ಜಿ. ರಸ್ತೆಯ ಕೋರ್ಟಿನ ಮೆಟ್ಟಿಲುಗಳ ಮೇಲೆ ಜಾತ್ರೆಯಷ್ಟು ಜನ. ಸರ್ಕಾರಿ ವಕೀಲರು ದಪ್ಪ ಫೈಲು ಬಗಲಲ್ಲಿಟ್ಟುಕೊಂಡು ಅವಳನ್ನು ಒಂದು ಕಿಟಕಿಯ ಹತ್ತಿರ ನಿಲ್ಲಿಸಿ, "ನೋಡಿ ಅಮ್ಮ, ಹೆದರಬೇಡಿ. ಪೊಲೀಸರ ಮುಂದೆ ಗುಂಡು ಹಾಕ್ಕೊಂಡು ಬಂದಿದ್ರು ಅಂದ್ರಲ್ಲ, ಅದನ್ನೇ ಹೇಳಿ, ಸಾಕು," ಎಂದರು.

"ಅದನ್ನೇ ಏಳ್ತೀನಿ ಸ್ವಾಮಿ. ಇರೋದೇ ಅದು."

ಒಳಗೆ ಫ್ಯಾನು ತಿರುಗುತ್ತಿತ್ತು, ಅಷ್ಟು ಚಳಿಯಲ್ಲೂ. ಲಕ್ಕಣ್ಣ ಹಿಂದೆ ಆರೋಪಿಗಳ ಜಾಗದಲ್ಲಿ ಕೈ ಕಟ್ಟಿ ನಿಂತಿದ್ದ. ಬಿಳಿ ಪಂಚೆ, ಬಿಳಿ ಅಂಗಿ. ಮೊದಲಿಗಿಂತ ಅರ್ಧ ಆಳಾಗಿದ್ದ. ಅವಳು ಕಟಕಟೆ ಹತ್ತಿ, ದೇವರ ಮೇಲೆ ಪ್ರಮಾಣ ಮಾಡಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಭಾವನ ಎದುರು ನಿಂತು ಮಾತಾಡಿ ಅವಳಿಗೆ ರೂಢಿಯಿಲ್ಲ.

ಸರ್ಕಾರಿ ವಕೀಲರು ಒಂದೊಂದಾಗಿ ಕೇಳಿದರು. ಸಾರು ತಂದದ್ದು, ಕಂಬ ಬಿದ್ದದ್ದು, ನಳಿಗೆ ಎದೆಗಿಟ್ಟದ್ದು, ಟಕ್ ಎಂದದ್ದು ಎಲ್ಲ ಹೇಳಿದಳು.

"ಲಕ್ಕಣ್ಣ ಮನೆಯೊಳಗಿಂದ ಹೇಗೆ ಬಂದರು?"

"ಗುಂಡ್ ಆಕ್ಕಂಡು ಬಂದಿದ್ರು ಸ್ವಾಮಿ."

ನ್ಯಾಯಾಧೀಶರು ಟೈಪು ಮಾಡುವ ಹುಡುಗಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸರ್ಕಾರಿ ವಕೀಲರು ಸಂತೋಷದಿಂದ ಕೂತರು. ಲಕ್ಕಣ್ಣ ಕಣ್ಣು ಮುಚ್ಚಿಕೊಂಡ. ಮೂಲೆಯ ಬೆಂಚಿನಲ್ಲಿ ಬೈರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಲಕ್ಕಣ್ಣನ ಪರ ವಕೀಲೆ ತಸ್ನೀಮ್, ಆರ್.ಟಿ. ನಗರದ ಚುರುಕು ಹೆಂಗಸು, ಎದ್ದು ನಿಂತಳು. ಬಂದೂಕು ತುಂಬಿತ್ತೆಂದು ಹೇಳುವ ಸಾಕ್ಷಿ ಇದೊಂದೇ. ಇದನ್ನು ಅಲ್ಲಾಡಿಸದಿದ್ದರೆ ಕೇಸು ಮುಗಿಯಿತು.

"ಅಮ್ಮ, ಅವರು ಗುಂಡು ಹಾಕಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲವ್ವ. ಅದನ್ನ ಯಾರು ನೋಡೋಕೆ ಓಗ್ತಾರೆ?"

"ನೋಡಿಲ್ಲ. ಅಂದ್ರೆ ಹಾಕಿದ್ರು ಅನ್ನೋದು ನಿಮಗೆ ಗೊತ್ತಿಲ್ಲ."

"ಗೊತ್ತಿಲ್ದೆ ಏನು? ವಾಸ್ನೆ ಬತ್ತಿತ್ತಲ್ಲ."

ತಸ್ನೀಮ್ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಬೇಡದ ಉತ್ತರ ಬಂದಾಗ ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕಬಾರದೆಂದು ವಕೀಲಿಕೆಯಲ್ಲಿ ಮೊದಲು ಕಲಿಸುವುದು. ಅವಳು ಕಾಗದ ತಿರುವಿದಳು. ಆದರೆ ನ್ಯಾಯಾಧೀಶರಿಗೆ ಕುತೂಹಲ ತಡೆಯಲಿಲ್ಲ. ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು.

"ಯಾವ ವಾಸನೆ ಅಮ್ಮ? ಮದ್ದಿನ ವಾಸನೆಯಾ?"

"ಮದ್ದು ಎಲ್ಲಾದ್ರೂ ಅಂಗೆ ನಾರ್ತದಾ ಸ್ವಾಮಿ?"

"ಮತ್ತೆ?"

ಅವಳು ಒಮ್ಮೆ ಲಕ್ಕಣ್ಣನ ಕಡೆ ನೋಡಿ ಮುಖ ತಗ್ಗಿಸಿದಳು. "ಬ್ರಾಂದಿ ಸ್ವಾಮಿ."

ಟೈಪಿನ ಸದ್ದು ನಿಂತಿತು.

"ವಾಸನೆ ಎಲ್ಲಿಂದ ಬರ್ತಿತ್ತು? ಬಂದೂಕಿನ ಬಾಯಿಂದಲಾ?"

"ಬಂದೂಕಕ್ಕೆ ಯಾರು ಬ್ರಾಂದಿ ಕುಡಿಸ್ತಾರೆ ಸ್ವಾಮಿ. ಇವ್ರ ಬಾಯಿಂದ."

ಹಿಂದಿನ ಸಾಲಿನಲ್ಲಿ ತನ್ನ ಕೇಸಿಗೆ ಕಾಯುತ್ತಿದ್ದ ವಕೀಲನೊಬ್ಬ ನಕ್ಕ. ಅವನ ಹಿಂದೆ ಇನ್ನಿಬ್ಬರು. ಬಾಗಿಲಿನ ಜವಾನ ಸದ್ದು ಮಾಡಬೇಡಿ ಎನ್ನಲು ಹೋಗಿ ತಾನೇ ಆಚೆ ತಿರುಗಿ ನಿಂತ. ತಸ್ನೀಮ್ ಮಾತ್ರ ನಗಲಿಲ್ಲ. ನಿಧಾನಕ್ಕೆ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು: "ನೀವು ಗುಂಡು ಹಾಕಿದ್ರು ಅಂದಿದ್ದು ಬಂದೂಕಿಗೆ ಅಲ್ಲ. ಕುಡಿದಿದ್ರು ಅಂತ?"

"ಊಂ ಕಣವ್ವ. ಇನ್ನೇನು?"

ಸರ್ಕಾರಿ ವಕೀಲರು ಎದ್ದರು. ಈ ಸಾಕ್ಷಿ ಪ್ರತಿಕೂಲವಾಗಿದ್ದಾಳೆ, ನೆಂಟಸ್ತಿಕೆಗೆ ಮಾತು ತಿರುಗಿಸಿದ್ದಾಳೆ ಎಂದರು. ನ್ಯಾಯಾಧೀಶರ ಅನುಮತಿ ಪಡೆದು ಅವಳತ್ತ ತಿರುಗಿದರು. "ಲಕ್ಕಣ್ಣನ ಮನೆಯವರು ಹೇಳಿಕೊಟ್ಟ ಹಾಗೆ ಹೇಳ್ತಿದ್ದೀರಿ, ಅಲ್ವಾ?"

"ಏಳ್ಕೊಡೋಕೆ ಮಾತಾದ್ರೂ ಆಡ್ಬೇಕಲ್ಲ ಸ್ವಾಮಿ. ಆ ಮನೆಯೋರು ನನ್ ಕುಟೆ ಮಾತ್ ಬಿಟ್ಟು ಮೂರ್ ವರ್ಷ ಆಯ್ತು. ನನ್ ತಪ್ಪಲೇನೂ ಕೊಟ್ಟಿಲ್ಲ."

ನ್ಯಾಯಾಧೀಶರು ಈ ಸಲ ನಗು ತಡೆದುಕೊಂಡೇ ಕೇಳಿದರು: "ಕುಡಿದಿದ್ರು ಅಂತ ಪೊಲೀಸರಿಗೆ ನೇರ ಹೇಳಬಹುದಿತ್ತಲ್ಲಮ್ಮ?"

"ಭಾವ ಅಲ್ವಾ ಸ್ವಾಮಿ. ಇರೀಕ್ರು. ಕುಡ್ದಿದ್ರು ಅಂತ ಬಾಯ್ಬಿಟ್ಟು ಎಂಗ್ ಅನ್ನೋದು? ನಮ್ ಕಡೆ ಮರ್ಯಾದೆಗೆ ಅಂಗೇ ಅನ್ನೋದು."

"ಬಂದೂಕಿನಲ್ಲಿ ಮದ್ದು ತುಂಬಿತ್ತೋ ಇಲ್ಲವೋ?"

"ಅದು ನಂಗೊತ್ತಿಲ್ಲ. ಅದನ್ನ ಇವತ್ತಿನಗಂಟ ಯಾರೂ ಕೇಳ್ಲೂ ಇಲ್ಲ."

ಹೊರಗೆ ಕಾರಿಡಾರಿನಲ್ಲಿ ಕಾನ್‌ಸ್ಟೇಬಲ್ಲು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ ನಿಂತಿದ್ದ. "ಅಲ್ರಿ ಅಮ್ಮ, ನಮ್ಮ ಕಡಿ ಗುಂಡು ಹಾಕೂದು ಅಂದ್ರ ಬಂದೂಕಿಗೇರಿ. ಆಗ ಬೆಂಗಳೂರಿಗೆ ಬಂದು ನನಗ ತಿಂಗಳೂ ಆಗಿರಲಿಲ್ಲ. ತಿಳಿಯೂ ಹಂಗ ಬರ್ಯೋಣಂತ ಮುಂದ 'ಬಂದೂಕಿಗೆ' ಅಂತ ಸೇರಿಸಿ ಬರದೆ."

"ತಿಳಿಯೋ ಅಂಗೆ ಬರ್ದು ಮನೆ ತೆಗ್ದ್ಯಲ್ಲಪ್ಪ," ಎಂದಳು. ಬಯ್ಯಬೇಕೆನಿಸಲಿಲ್ಲ. ಮೂರು ವರ್ಷದ ಮೌನ ಯಾವ ಮಾತಿನ ಮೇಲೆ ನಿಂತಿತ್ತೆಂದು ಈಗ ತಿಳಿದಿತ್ತು. ಬೈರಮ್ಮ ಕಂಬದ ಮರೆಯಲ್ಲಿ ನಿಂತು ಇವಳನ್ನೇ ನೋಡುತ್ತಿದ್ದಳು. ನೋಡಿದಳು, ಬರಲಿಲ್ಲ. ಅಷ್ಟು ದಿನ ಬಿಟ್ಟ ಮಾತನ್ನು ಎಲ್ಲಿಂದ ಹಿಡಿಯಬೇಕೆಂದು ತಿಳಿಯದವಳ ಹಾಗೆ.

ಬಂದವನು ಸುಬ್ರಮಣಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು.

"ಚಿಕ್ಕಮ್ಮ, ನೀವು ಸುಳ್ಳು ಹೇಳಿದ್ರಿ ಅಂತ ನಾನು ಅನ್ನಲ್ಲ."

"ಅನ್ನು, ಬಿಡು. ಕಂಬ ಉರುಳ್ಸಿದೋನು ನೀನು, ನಿಂಗೇನು."

"ಕಂಬ ಬೀಳಿಸಿದ್ದು ತಪ್ಪೇ ಇರಬಹುದು. ಅದಕ್ಕೆ ಸಿವಿಲ್ ಕೇಸು ನಡೀತಿದೆ." ಅವನು ದನಿ ತಗ್ಗಿಸಿದ. "ಆದ್ರೆ ನಳಿಗೆ ಇಟ್ಟಿದ್ದು ಇಲ್ಲಿ, ನನ್ನ ಎದೆಗೆ. ಟಕ್ ಅಂದಿದ್ದು ಇವತ್ತಿಗೂ ಕೇಳ್ಸುತ್ತೆ ಕಣ್ರೀ. ಮಗಳು ಬಾಗಿಲ ಚಿಲಕ ಹಾಕಿದ್ರೂ ಬೆಚ್ಚಿಬೀಳ್ತೀನಿ. ದೊಡ್ಡಪ್ಪ ನನ್ನ ಎತ್ತಿ ಆಡಿಸಿದೋರು. ಜೈಲಿಗೆ ಹೋಗ್ಲಿ ಬಿಡ್ಲಿ. ಅದರೊಳಗೆ ಏನಿತ್ತು ಅನ್ನೋದೊಂದು ಗೊತ್ತಾಗ್ಬೇಕು. ಸಾಯಿಸಕ್ಕೆ ಬಂದ್ರಾ, ಹೆದರಿಸಕ್ಕಾ? ನೀವು ಕೇಳಿದ್ರೆ ಹೇಳ್ತಾರೆ."

ಅವಳು ಅವನ ಅಂಗಿಯ ಎರಡನೆಯ ಗುಂಡಿಯ ಹತ್ತಿರ ನೋಡಿದಳು. ನಳಿಗೆ ಇಟ್ಟಿದ್ದು ಅಲ್ಲೇ.

"ಕೇಳ್ತೀನಿ," ಎಂದಳು. ಹೇಳಿದ ಮೇಲೆ, ಇದನ್ನು ತೀರಿಸಬೇಕಲ್ಲ ಎಂದುಕೊಂಡಳು.

ತೀರ್ಪು ಬರುವ ಹೊತ್ತಿಗೆ ಅವರೆ ಮುಗಿಯುತ್ತ ಬಂದಿತ್ತು, ಶಿವರಾತ್ರಿ ಹತ್ತಿರವಿತ್ತು. ಸಾಕ್ಷಿ ಹೇಳಿದವರು ತೀರ್ಪಿನ ದಿನ ಬರಬೇಕಿಲ್ಲವೆಂದು ಖಾದರ್ ಬಾಷಾ ಹೇಳಿದ. "ಬರಬ್ಯಾಡ ಅಂತೇನೂ ಇಲ್ವಲ್ಲ," ಎಂದು ಅವಳು ಆಟೋ ಹತ್ತಿದಳು.

ಬಂದೂಕು ತುಂಬಿತ್ತೆಂದು ಸಾಬೀತಾಗಿಲ್ಲ, ಆದ್ದರಿಂದ ಕೊಲೆ ಯತ್ನದ ಆರೋಪದಿಂದ ಬಿಡುಗಡೆ ಎಂದು ನ್ಯಾಯಾಧೀಶರು ಓದಿದರು. ಬೈರಮ್ಮ ಅಳಲು ಶುರುಮಾಡಿದಳು. ಆದರೆ ಓದು ಮುಗಿದಿರಲಿಲ್ಲ. ಬೆಳೆ ಕಾಯಲು ಕೊಟ್ಟ ಬಂದೂಕನ್ನು ಮನುಷ್ಯನ ಮೇಲೆ ಎತ್ತಿದ್ದು ಲೈಸೆನ್ಸಿನ ಷರತ್ತು ಮುರಿದಂತೆ. ತುಂಬಿರಲಿ ಖಾಲಿಯಿರಲಿ, ಎದೆಗಿಟ್ಟಾಗ ಇಟ್ಟವನಿಗಲ್ಲದೆ ಇಡಿಸಿಕೊಂಡವನಿಗೆ ಅದು ತಿಳಿಯುವುದಿಲ್ಲ, ಅವನ ಪಾಲಿಗೆ ಅದು ತುಂಬಿದ್ದೇ, ಆದ್ದರಿಂದ ಅದು ಜೀವ ಬೆದರಿಕೆ. ಇವೆರಡು ಅಪರಾಧಗಳು ಸಾಬೀತಾಗಿವೆ ಎಂದರು. ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಲಕ್ಕಣ್ಣನನ್ನು ಕೇಳಿದರು.

ಲಕ್ಕಣ್ಣ ಕೈ ಮುಗಿದ. "ಬಂದೂಕ ನಮ್ಮಪ್ಪಂದು ಸ್ವಾಮಿ. ಬಾವಲಿಗೆ ಅಂತ ಕೊಟ್ಟಿದ್ದು. ಅದನ್ನ ಮನೆಮಗೂ ಮೇಲೆ ಇಡಿದ್ನಲ್ಲ. ತಾವು ಏನ್ ಕೊಡ್ತೀರೋ ಕೊಡಿ."

ವಯಸ್ಸು, ಹಿಂದೆ ಯಾವ ಕೇಸೂ ಇಲ್ಲದ್ದು, ಆಗಲೇ ಜೈಲಿನಲ್ಲಿದ್ದದ್ದು ಎಲ್ಲ ನೋಡಿ ನ್ಯಾಯಾಧೀಶರು ದಂಡ ಹಾಕಿದರು, ಬಂದೂಕು ಸರ್ಕಾರಕ್ಕೆ ಎಂದರು. ಅದರ ಜೊತೆಗೆ, ಈ ದಿನ ನ್ಯಾಯಾಲಯ ಏಳುವ ತನಕ ಸಾದಾ ಸಜೆ.

ಲಕ್ಷ್ಮಿದೇವಮ್ಮನಿಗೆ ಕೊನೆಯದು ತಿಳಿಯಲಿಲ್ಲ. ತಸ್ನೀಮ್ ಬಗ್ಗಿ ಕಿವಿಯ ಹತ್ತಿರ ಹೇಳಿದಳು: "ಸಾಯಂಕಾಲ ಜಡ್ಜು ಕುರ್ಚಿಯಿಂದ ಎದ್ದು ಹೋಗೋ ತನಕ ಇಲ್ಲೇ ಕೂತಿರಬೇಕು ಅಮ್ಮ. ಅದೇ ಜೈಲು. ಆಮೇಲೆ ಮನೆಗೆ."

"ಕೂತಿರೋದೇ ಸಿಕ್ಷೆಯಾ?"

"ಅದೇ."

ಅವಳಿಗೆ ಇದು ವಿಚಿತ್ರವೆನಿಸಿತು, ನೋಡಬೇಕೆಂದೂ ಅನಿಸಿತು. ಹೋಗದೆ ಉಳಿದಳು. ಲಕ್ಕಣ್ಣ ಹಿಂದಿನ ಬೆಂಚಿನಲ್ಲಿ ಕೂತ. ಚೆಕ್ ಬೌನ್ಸಿನವರು, ಮನೆ ಬಾಡಿಗೆಯವರು, ಕಾರು ಗುದ್ದಿಸಿದವರು ಬಂದರು, ಹೋದರು. ಅವನು ಎಲ್ಲರ ಕೇಸನ್ನೂ ಗಮನವಿಟ್ಟು ಕೇಳಿದ. ಮಧ್ಯಾಹ್ನ ಊಟದ ವಿರಾಮಕ್ಕೆ ನ್ಯಾಯಾಧೀಶರು ಎದ್ದಾಗ ಆಯ್ತೇನೋ ಎಂದು ಅವನೂ ಎದ್ದ. ಜವಾನ, "ಇದು ಊಟಕ್ಕೆದ್ದಿದ್ದು ಯಜಮಾನ್ರೆ, ಕೋರ್ಟ್ ಎದ್ದಿದ್ದಲ್ಲ. ಕೂತ್ಕೊಳಿ," ಎಂದ. ಅವನು ಕೂತ. ಬೈರಮ್ಮ ಮೊಸರನ್ನ ತರಲೆಂದು ಹೊರಗೆ ಹೋದಳು.

ಕೋಣೆ ಖಾಲಿಯಾಗಿತ್ತು. ಲಕ್ಷ್ಮಿದೇವಮ್ಮ ಎದ್ದು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮುಖವನ್ನು ನ್ಯಾಯಾಧೀಶರ ಖಾಲಿ ಕುರ್ಚಿಯ ಕಡೆಗೇ ಇಟ್ಟುಕೊಂಡಳು.

"ಭಾವ, ಒಂದ್ ಮಾತು."

"ಅದೇನು ಏಳು ಲಕ್ಷ್ಮಿದೇವಿ."

"ಸುಬ್ಬು ಕೇಳ್ತಾನೆ. ನಂಗೂ ತಿಳೀಬೇಕು. ಅವತ್ತು ಬಂದೂಕದೊಳಗೆ ಏನಿತ್ತು?"

ಲಕ್ಕಣ್ಣ ಫ್ಯಾನಿನ ಕಡೆ ನೋಡಿದ. ಬಾಗಿಲಲ್ಲಿ ನಿಂತ ಪೊಲೀಸನನ್ನು ನೋಡಿದ. ಅವನು ಹೇಳುವುದಿಲ್ಲವೆಂದೇ ಅವಳು ಅಂದುಕೊಂಡಳು.

"ಮದ್ದಿನ ಡಬ್ಬಿ ಗೂಡಿಂದ ತೆಗ್ದಿದ್ದೆ," ಎಂದ ಕೊನೆಗೆ. "ಮಾರ್ನೆ ಬೆಳಿಗ್ಗೆ ನೋಡಿದ್ರೆ ಮುಚ್ಚಳ ಬಿಚ್ಚಿತ್ತು. ಒಂದಷ್ಟು ನೆಲಕ್ಕೆ ಚೆಲ್ಲಿತ್ತು. ಮಿಕ್ಕಿದ್ದು ಎಲ್ಲಿ ಓಯ್ತೋ." ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದ. "ಗುಂಡು ಆಕಿದ್ದು ನೆಪ್ಪೈತೆ." ಆ ಕೈಯನ್ನು ಇಳಿಸಿ, ಎರಡೂ ಕೈಯನ್ನು ನಳಿಗೆ ಹಿಡಿದಂತೆ ಮೊಣಕಾಲ ಮೇಲೆ ಚಾಚಿದ. "ಗುಂಡು ಆಕಿದ್ನಾ ಅಂಬೋದು ನೆಪ್ಪಿಲ್ಲ."

ಅವಳ ಕಣ್ಣು ಆ ಕೈಗಳ ಮೇಲೆ ಹೋಯಿತು.

"ಟಕ್ ಅಂತಲ್ಲ, ಆಗ ಅಮಲು ಇಳೀತು. ಬಗ್ಗಿ ನೋಡಿದ್ರೆ ಗೊತ್ತಾಗೋದು. ನೋಡೋಕೆ ಧೈರ್ಯ ಬರ್ಲಿಲ್ಲ. ಅದ್ಕೇ ಬಾವಿಗಾಕ್ದೆ." ಚಾಚಿದ ಕೈ ಹಿಂದಕ್ಕೆಳೆದುಕೊಂಡು, "ಅವತ್ತಿಂದ ಮುಟ್ಟಿಲ್ಲ. ಎರಡನ್ನೂ," ಎಂದ.

ಬೈರಮ್ಮ ಮೊಸರನ್ನದ ಎರಡು ಪೊಟ್ಟಣ ಹಿಡಿದು ಬಂದಳು. ಒಂದನ್ನು ಗಂಡನಿಗೆ ಕೊಟ್ಟು, ಇನ್ನೊಂದನ್ನು ಒಂದು ಕ್ಷಣ ಕೈಯಲ್ಲೇ ಇಟ್ಟುಕೊಂಡಿದ್ದು, ಲಕ್ಷ್ಮಿದೇವಮ್ಮನ ಮಡಿಲ ಹತ್ತಿರ ಬೆಂಚಿನ ಮೇಲೆ ಇಟ್ಟಳು. "ತಿನ್ನು," ಎಂದಳು. ಮೂರು ವರ್ಷದ ಮೇಲೆ ಬಂದ ಮಾತು ಅದೊಂದೇ. ಅವತ್ತಿಗೆ ಅಷ್ಟು ಸಾಕಾಗಿತ್ತು.

ಸಂಜೆ ನ್ಯಾಯಾಧೀಶರು ಎದ್ದರು. ಎಲ್ಲರೂ ಎದ್ದರು. ಲಕ್ಕಣ್ಣ ಮಾತ್ರ ಕೂತೇ ಇದ್ದ. ಜವಾನ ಬಂದು, "ಈಗ ಎದ್ದಿದ್ದು ನಿಜವಾಗಿ ಎದ್ದಿದ್ದು ಯಜಮಾನ್ರೆ, ಹೋಗಿ," ಎನ್ನಬೇಕಾಯಿತು.

ಮಾರನೆಯ ಬೆಳಿಗ್ಗೆ ಬೈರಮ್ಮ ಹಿತ್ತಾಳೆ ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಮೇಲೆ ತಟ್ಟೆ ಮುಚ್ಚಿ ತಂದು ಜಗಲಿಯ ಮೇಲಿಟ್ಟಳು. ಬಿಡಿಸಿಕೊಂಡು ಕೂರಲು ಅವರೆ ಇರಲಿಲ್ಲ. ಇಬ್ಬರೂ ಬರಿಗೈಯಲ್ಲಿ ಕೂತರು. ಬೈರಮ್ಮ ಸೊಸೆಯ ಕಾಲುನೋವಿನ ಮಾತು ಆಡಿದಳು. ನಲ್ಲಿ ನೀರು ಬಿಡುವ ಹೊತ್ತಾಯಿತೆಂದು ಹೋದಳು.

ಲಕ್ಷ್ಮಿದೇವಮ್ಮ ತಟ್ಟೆ ಎತ್ತಿದಳು. ದ್ರಾಕ್ಷಿ. ಜೆಸಿಬಿ ಕಿತ್ತ ಬುಡದಿಂದಲೇ ಚಿಗುರಿದ ಬಳ್ಳಿಯದು. ಸಣ್ಣ ಗೊಂಚಲು, ಕೆಲವು ಕಪ್ಪು, ಕೆಲವು ಇನ್ನೂ ಹಸಿರು. ಒಂದನ್ನು ಬಾಯಿಗೆ ಹಾಕಿಕೊಂಡಳು. ಹುಳಿಯಿತ್ತು.

ಒಳಗಿನಿಂದ ಒಂದು ಸ್ಟೀಲಿನ ಡಬ್ಬಿ ತಂದು ಅರ್ಧ ಹಣ್ಣನ್ನು ಅದಕ್ಕೆ ಬಿಡಿಸಿಟ್ಟಳು. ಸುಬ್ರಮಣಿಯ ಮನೆ ಹೊಸ ಬೀದಿಯಲ್ಲಿ, ಮೂರನೆಯ ಮಹಡಿ. ಕೇಳುತ್ತೇನೆಂದು ಹೇಳಿದ್ದಳು, ಕೇಳಿಯೂ ಆಗಿತ್ತು. ಕೊಲ್ಲಲೆಂದು ಬಂದಿದ್ದರೋ ಹೆದರಿಸಲೆಂದೋ ಎಂದು ಅವನು ಕೇಳಿದರೆ, ಬಂದವನಿಗೇ ಅದು ಗೊತ್ತಿಲ್ಲವಂತೆ ಎಂದು ಹೇಳುವುದು ಹೇಗೆ? ಹೇಳಿದರೆ ಅವನು ಚಿಲಕದ ಸದ್ದಿಗೆ ಬೆಚ್ಚುವುದು ನಿಲ್ಲುತ್ತದೆಯೇ?

ಡಬ್ಬಿಯ ಮುಚ್ಚಳ ಒತ್ತಿದಳು. ಅದು ಟಕ್ ಎಂದಿತು. ಅವಳು ಆ ಮುಚ್ಚಳವನ್ನು ತೆಗೆದು ಪಕ್ಕಕ್ಕಿಟ್ಟು, ಒಂದು ಬಾಳೆಲೆಯ ಚೂರು ಮುಚ್ಚಿ, ಡಬ್ಬಿ ಎತ್ತಿಕೊಂಡು ಬೀದಿಗಿಳಿದಳು.